ಎದುರುಮಾತಿಲ್ಲದ ಕೋಣೆ: ಎಎ ಸಂಘಕ್ಕೆ ತೊಂಬತ್ತು ವರ್ಷ

ಸಂಸ್ಥೆಯೊಂದಕ್ಕೆ ತೊಂಬತ್ತು ತುಂಬಿತೆಂದರೆ ಸ್ಮರಣ ಸಂಚಿಕೆಯಲ್ಲಿ ಏನೇನಿರಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸ್ಥಾಪಕರ ಭಾವಚಿತ್ರ, ಈವರೆಗಿನ ಅಧ್ಯಕ್ಷರ ಪಟ್ಟಿ, ಕಟ್ಟಡ ನಿಧಿಗೆ ಕೊಟ್ಟ ದಾನಿಗಳ ಹೆಸರು, ಸಚಿವರ ಶುಭಸಂದೇಶ, ಕೊನೆಗೆ ನಾಲ್ಕು ಪುಟ ಜಾಹೀರಾತು. ಕುಡಿತ ಬಿಡಬಯಸುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, ಇವುಗಳಲ್ಲಿ ಯಾವುದನ್ನೂ ಸರಿಯಾಗಿ ಒದಗಿಸಲಾರದು. ಅಲ್ಲಿ ಸದಸ್ಯತ್ವದ ಶುಲ್ಕವಿಲ್ಲ, ಅಪ್ಪಣೆ ಕೊಡುವ ಅಧ್ಯಕ್ಷರಿಲ್ಲ. ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ. ಮೀಟಿಂಗಿನಲ್ಲಿ ಸುತ್ತಿಬರುವ ಬುಟ್ಟಿಗೆ ಸದಸ್ಯರು ಹಾಕಿದ್ದರಲ್ಲೇ ಬಾಡಿಗೆ, ಚಹಾ ಎಲ್ಲ ನಡೆಯಬೇಕು. ಇಷ್ಟಿದ್ದೂ ಇಂದು ಸುಮಾರು 180 ದೇಶಗಳಲ್ಲಿ ಇದರ ಗುಂಪುಗಳಿವೆ. ಸದಸ್ಯರು ಸುಮಾರು 20 ಲಕ್ಷ ಎಂದು ಸಂಘವೇ ಅಂದಾಜು ಹೇಳುತ್ತದೆ. ಹೆಸರಿನ ಪಟ್ಟಿಯೇ ಇಲ್ಲದ ಮೇಲೆ ಅಂದಾಜಿಗಿಂತ ಹೆಚ್ಚಿನದನ್ನು ಯಾರೂ ಹೇಳುವಂತಿಲ್ಲ. 2025ರ ಜುಲೈಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ತೊಂಬತ್ತರ ಸಮಾವೇಶ ನಡೆಯಿತು. ಸಾವಿರಾರು ಜನ ಸೇರಿದ್ದರು, ಕೊರಳ ಬಿಲ್ಲೆಯ ಮೇಲೆ ಮೊದಲ ಹೆಸರಷ್ಟೇ ಬರೆದುಕೊಳ್ಳುವ ಜನ.

ಸಂಘದ ಪೂರ್ತಿ ಚರಿತ್ರೆ ಬರೆಯುವುದು ನನ್ನ ಉದ್ದೇಶವಲ್ಲ. ಕುಡುಕನೊಬ್ಬ ನಿಜ ಹೇಳುವುದಕ್ಕೂ ಇನ್ನೊಬ್ಬ ಅದನ್ನು ಕೇಳಿಸಿಕೊಳ್ಳುವುದಕ್ಕೂ ಬೇಕಾದ ಏರ್ಪಾಡನ್ನು ಈ ಜನ ಹೇಗೆ ಕಟ್ಟಿಕೊಂಡರು, ಎಲ್ಲಿ ಎಡವಿದರು, ಅಷ್ಟನ್ನೇ ಹಿಂಬಾಲಿಸುತ್ತೇನೆ. ನನ್ನ ಮಟ್ಟಿಗೆ ಈ ಸಂಘದ ದೊಡ್ಡ ಸಾಧನೆ ಅದೇ. ಕುಡಿತ ಬಿಡಲು ಸಂಘ ರೂಪಿಸಿದ ಹನ್ನೆರಡು ಹೆಜ್ಜೆಗಳನ್ನು ಎಲ್ಲರೂ ಬಲ್ಲರು. ಆ ಹೆಜ್ಜೆಗಳನ್ನು ಇಡುವ ಕೋಣೆಯ ಶಿಸ್ತನ್ನು ಗಮನಿಸಿದವರು ಕಡಿಮೆ.

ವಿಚಿತ್ರವೆಂದರೆ ಈ ಚರಿತ್ರೆಯಲ್ಲಿ ಮೊದಲು ನಿಜ ಹೇಳಿದವರು ಕುಡುಕರಲ್ಲ, ವೈದ್ಯರು. ಅಮೆರಿಕದ ರೋಡ್ ಐಲೆಂಡಿನ ಶ್ರೀಮಂತ ಉದ್ಯಮಿ ರೋಲಂಡ್ ಹಜಾರ್ಡ್ ಕುಡಿತ ಬಿಡಲೆಂದು ಜ್ಯೂರಿಕ್ಕಿನ ಮನೋವೈದ್ಯ ಕಾರ್ಲ್ ಯೂಂಗ್ ಬಳಿ ಹೋಗಿದ್ದರು. ಚಿಕಿತ್ಸೆ ಮುಗಿಸಿ ಬಂದವರು ಮತ್ತೆ ಕುಡಿದು ಮತ್ತೆ ಅಲ್ಲಿಗೇ ಹೋದಾಗ, ವೈದ್ಯಶಾಸ್ತ್ರದಲ್ಲಿ ನಿಮಗೆ ಕೊಡಲು ಇನ್ನೇನೂ ಉಳಿದಿಲ್ಲ ಎಂದು ಯೂಂಗ್ ನೇರವಾಗಿ ಹೇಳಿಬಿಟ್ಟರು. ಏನಾದರೂ ಆದರೆ ಒಳಗಿನ ದೊಡ್ಡ ಪರಿವರ್ತನೆಯೊಂದರಿಂದ ಆಗಬೇಕು, ಅದು ನನ್ನ ಕೈಯಲ್ಲಿಲ್ಲ ಎಂದರು. ಹೆಸರಾಂತ ವೈದ್ಯ, ಹಣವಂತ ರೋಗಿ. ಇನ್ನೂ ಆರು ತಿಂಗಳು ಬನ್ನಿ ಎನ್ನುವುದು ಎಷ್ಟು ಸುಲಭವಿತ್ತು! ಈ ಮಾತು ಹಜಾರ್ಡ್ ಅವರಿಂದ ಎಬಿ ಥ್ಯಾಚರ್ ಎಂಬ ಮತ್ತೊಬ್ಬ ಕುಡುಕರಿಗೆ, ಥ್ಯಾಚರ್ ಅವರಿಂದ ಅವರ ಹಳೆಯ ಗೆಳೆಯ, ಮುಂದೆ ಸಂಘದ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್‌ಗೆ ದಾಟಿತು. 1961ರ ಜನವರಿಯಲ್ಲಿ ವಿಲ್ಸನ್ ಯೂಂಗ್‌ಗೆ ಪತ್ರ ಬರೆದು, ನಮ್ಮ ಸಂಘದ ಅಡಿಪಾಯದ ಮೊದಲ ಕಲ್ಲು ನೀವು ಅಂದು ಆಡಿದ ಆ ಮಾತು ಎಂದು ಕೃತಜ್ಞತೆ ಹೇಳಿದರು. ಅದೇ ತಿಂಗಳು ಯೂಂಗ್ ಉತ್ತರಿಸಿದರು. ಕೆಲವೇ ತಿಂಗಳಲ್ಲಿ ತೀರಿಕೊಂಡರು.

ಎರಡನೆಯ ವೈದ್ಯರು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ವಿಲಿಯಂ ಸಿಲ್ಕ್‌ವರ್ತ್. ವಾಲ್ ಸ್ಟ್ರೀಟಿನ ಷೇರು ವ್ಯವಹಾರದಲ್ಲಿ ಏರಿ, ಕುಡಿತದಲ್ಲಿ ಕುಸಿದಿದ್ದ ಬಿಲ್ ವಿಲ್ಸನ್ 1934ರ ಡಿಸೆಂಬರಿನಲ್ಲಿ ಕೊನೆಯ ಬಾರಿ ಅಲ್ಲಿ ದಾಖಲಾದರು. ಆಸ್ಪತ್ರೆಯ ಹಾಸಿಗೆಯಲ್ಲಿ ಬೆಳಕು ಕಂಡಂಥ ಅನುಭವವಾಯಿತು, ಕುಡಿತ ನಿಂತಿತು. ಹೊರಬಂದವರು ಸುಮ್ಮನಿರಲಿಲ್ಲ. ಸಿಕ್ಕಸಿಕ್ಕ ಕುಡುಕರನ್ನು ಬ್ರೂಕ್ಲಿನ್ನಿನ ಮನೆಗೆ ಕರೆತಂದು, ಊಟ ಹಾಕಿ, ತನಗೆ ಕಂಡ ಬೆಳಕನ್ನು ವರ್ಣಿಸಿ, ನೀನೂ ಹೀಗಾಗು ಎಂದು ಬೋಧಿಸಿದರು. ಐದು ತಿಂಗಳು ಇದೇ ನಡೆಯಿತು. ಒಬ್ಬನೂ ಬಿಡಲಿಲ್ಲ. ಹತಾಶರಾದ ಗಂಡನಿಗೆ, ಆದರೆ ನೀವು ಕುಡಿದಿಲ್ಲವಲ್ಲ ಎಂದು ನೆನಪಿಸಿದವರು ಹೆಂಡತಿ ಲೋಯಿಸ್. ಸಿಲ್ಕ್‌ವರ್ತ್ ಬೇರೊಂದು ಮಾತು ಹೇಳಿದರು: ಉಪದೇಶ ಸಾಕು ಮಾಡಿ, ನಿಮ್ಮ ಬೆಳಕಿನ ಕತೆಯನ್ನು ಬದಿಗಿಟ್ಟು ಮೊದಲು ನಿಮ್ಮ ಕಾಯಿಲೆಯ ಕತೆ ಹೇಳಿ.

ಗಂಡ ಹೆಂಡಿರ ನಡುವಿನ ಆ ಮಾತು, ವೈದ್ಯರ ಈ ಸಲಹೆ, ಎರಡೂ ಒಟ್ಟಿಗೆ ಕೆಲಸಕ್ಕೆ ಬಂದದ್ದು 1935ರ ಮೇ 11ರ ಶನಿವಾರ. ಒಹಾಯೋ ರಾಜ್ಯದ ಆಕ್ರನ್ ರಬ್ಬರ್ ಕಾರ್ಖಾನೆಗಳ ಊರು. ಕಂಪನಿಯೊಂದರ ಆಡಳಿತ ಹಿಡಿಯುವ ವ್ಯವಹಾರಕ್ಕೆಂದು ಅಲ್ಲಿಗೆ ಹೋಗಿದ್ದ ಬಿಲ್ ಸೋತಿದ್ದರು. ಜೇಬಿನಲ್ಲಿ ಹತ್ತು ಡಾಲರಿನಷ್ಟು ಹಣ. ಮೇಫ್ಲವರ್ ಹೋಟೆಲಿನ ಹಜಾರದ ಒಂದು ಕೊನೆಯಲ್ಲಿ ಬಾರು, ಇನ್ನೊಂದು ಕೊನೆಯಲ್ಲಿ ಊರಿನ ಚರ್ಚುಗಳ ಪಟ್ಟಿ ಮತ್ತು ದೂರವಾಣಿ. ಆಗ ಹೊಳೆದದ್ದು ಇದು: ನಾನು ಉಳಿಯಬೇಕಾದರೆ ನನಗೆ ಈಗ ಮಾತಾಡಲು ಇನ್ನೊಬ್ಬ ಕುಡುಕ ಬೇಕು. ಅವನನ್ನು ಉದ್ಧರಿಸಲಿಕ್ಕಲ್ಲ, ನಾನು ಉಳಿಯಲಿಕ್ಕೆ. ಪಟ್ಟಿಯಿಂದ ಪಾದ್ರಿ ವಾಲ್ಟರ್ ಟಂಕ್ಸ್ ಅವರಿಗೆ ಕರೆ ಹೋಯಿತು. ಅವರು ಕೊಟ್ಟ ಹೆಸರುಗಳಿಗೆ ಒಂದೊಂದಾಗಿ ಕರೆ ಮಾಡುತ್ತ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕರು. ಗುಡ್‌ಇಯರ್ ಟೈರ್ ಕಂಪನಿ ಕಟ್ಟಿದ ಮನೆತನದ ಸೊಸೆ. ತನಗೆ ಗೊತ್ತಿರುವ ವೈದ್ಯರೊಬ್ಬರಿದ್ದಾರೆ, ಅವರನ್ನು ಭೇಟಿ ಮಾಡಿಸುತ್ತೇನೆ ಎಂದರು.

ಆ ವೈದ್ಯರು ಶಸ್ತ್ರಚಿಕಿತ್ಸಕ ರಾಬರ್ಟ್ ಸ್ಮಿತ್, ಇತಿಹಾಸಕ್ಕೆ ಡಾ. ಬಾಬ್. ಅವರದು ಇನ್ನೊಂದು ಬಗೆಯ ಕತೆ. ಎರಡು ವರ್ಷಕ್ಕೂ ಮೇಲ್ಪಟ್ಟು ಅವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಕೂಟಗಳಿಗೆ ಹೋಗುತ್ತಿದ್ದರು. ಪಾಪಗಳನ್ನು ಪರಸ್ಪರ ಬಾಯಿಬಿಟ್ಟು ಹೇಳಿಕೊಳ್ಳುವುದು ಅಲ್ಲಿನ ಪದ್ಧತಿ. ಬಿಲ್ ಬರುವುದಕ್ಕೆ ಸ್ವಲ್ಪ ಮುಂಚೆ ಹೆನ್ರಿಯೆಟಾ ಬೇಕೆಂದೇ ಒಂದು ಕೂಟ ಸೇರಿಸಿ, ಎಲ್ಲರೂ ಹೇಳಲು ಕಷ್ಟವಾದ ಒಂದೊಂದು ಸಂಗತಿ ಹೇಳುವಂತೆ ಮಾಡಿದ್ದರು. ಡಾ. ಬಾಬ್ ಸರದಿ ಬಂದಾಗ, ನಾನು ಗುಟ್ಟಾಗಿ ಕುಡಿಯುತ್ತೇನೆ, ಬಿಡಲಾಗುತ್ತಿಲ್ಲ ಎಂದು ಒಪ್ಪಿಕೊಂಡರು. ಎಲ್ಲರೂ ಮಂಡಿಯೂರಿ ಅವರಿಗಾಗಿ ಪ್ರಾರ್ಥಿಸಿದರು. ಡಾ. ಬಾಬ್ ಕುಡಿಯುತ್ತಲೇ ಇದ್ದರು.

ಈ ಘಟನೆಯನ್ನು ಎಎ ಚರಿತ್ರೆ ಬರೆಯುವವರು ಪ್ರಾರ್ಥನೆಗೆ ಸಿಕ್ಕ ಫಲದ ಮುನ್ನುಡಿಯಾಗಿ ಹೇಳುವುದುಂಟು. ನನಗೆ ಅದು ಬೇರೆಯೇ ಆಗಿ ಕಾಣುತ್ತದೆ. ನಿಜ ಹೇಳಿದ್ದಾಯಿತು, ಕೇಳಿದವರು ಒಳ್ಳೆಯವರೇ, ಮರುಕವೂ ಇತ್ತು. ಆದರೂ ಸಾಲಲಿಲ್ಲ. ಆ ಕೋಣೆಯಲ್ಲಿ ಕೂತವರಲ್ಲಿ ಒಬ್ಬರಿಗೂ ಬೆಳಗ್ಗೆ ಕೈ ನಡುಗುವುದೆಂದರೇನು, ಬಾಟಲಿಯನ್ನು ಎಲ್ಲಿ ಬಚ್ಚಿಡಬೇಕು ಎಂಬುದು ಸ್ವಂತ ಅನುಭವದಿಂದ ಗೊತ್ತಿರಲಿಲ್ಲ.

ಮರುದಿನ, ಮೇ 12ರ ಭಾನುವಾರ, ಅಮೆರಿಕದವರ ತಾಯಂದಿರ ದಿನ. ಸಂಜೆ ಐದಕ್ಕೆ ಡಾ. ಬಾಬ್ ಹೆಂಡತಿ ಆನ್ ಜೊತೆ ಸೈಬರ್ಲಿಂಗ್ ಮನೆಗೆ ಬಂದರು. ಹದಿನೈದೇ ನಿಮಿಷ, ಆಮೇಲೆ ಹೊರಡುತ್ತೇನೆ ಎಂದು ಹೆಂಡತಿಯಿಂದ ಒಪ್ಪಿಗೆ ಪಡೆದೇ ಬಂದಿದ್ದರು. ಹೊರಟದ್ದು ರಾತ್ರಿ 11.15ಕ್ಕೆ. ಬಿಲ್ ಆ ಸಂಜೆ ಬೆಳಕಿನ ಕತೆ ತೆಗೆಯಲಿಲ್ಲ. ತಾನು ಹೇಗೆ ಕುಡಿದೆ, ಹೇಗೆ ಸುಳ್ಳು ಹೇಳಿದೆ, ವೈದ್ಯರು ತನಗೆ ಏನೆಂದು ಹೇಳಿದರು ಎಂಬುದನ್ನೇ ಹೇಳಿಕೊಂಡರು. ಸ್ವಂತ ಅನುಭವದಿಂದ ಈ ಕಾಯಿಲೆಯನ್ನು ಬಲ್ಲ ಮನುಷ್ಯನೊಬ್ಬ ನನ್ನೊಡನೆ ಮಾತಾಡಿದ್ದು ಅದೇ ಮೊದಲು ಎಂಬ ಅರ್ಥದ ಮಾತನ್ನು ಡಾ. ಬಾಬ್ ತಮ್ಮ ಕತೆಯಲ್ಲಿ ಬರೆದಿದ್ದಾರೆ. ವೈದ್ಯರಾದ ಅವರಿಗೆ ಬಿಲ್ ಹೇಳಿದ ವೈದ್ಯಕೀಯ ಸಂಗತಿಯಲ್ಲಿ ಹೊಸದೇನೂ ಇರಲಾರದು. ಹೊಸದಾಗಿದ್ದದ್ದು, ಎದುರಿಗೆ ಕೂತವನು ಸಹಾಯ ಮಾಡಲು ಬಂದಿರಲಿಲ್ಲ ಎಂಬುದು. ಅವನಿಗೇ ಸಹಾಯ ಬೇಕಿತ್ತು.

ಅದಾದ ಮೇಲೂ ಡಾ. ಬಾಬ್ ಒಮ್ಮೆ ಜಾರಿದರು. ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆ ಹೋದವರು ರೈಲು ಹತ್ತುವಾಗಲೇ ಕುಡಿಯತೊಡಗಿ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಊರಿಗೆ ಮರಳಿದರು. ಬಂದ ಮೂರನೆಯ ದಿನಕ್ಕೆ ಅವರು ಒಂದು ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. ಕೈ ನಡುಕ ನಿಲ್ಲಲೆಂದು ಆ ಬೆಳಗ್ಗೆ ಬಿಲ್ ಅವರೇ ಒಂದು ಬಿಯರ್ ಕೊಟ್ಟು ಕಳಿಸಿದರು. ಅದೇ ಡಾ. ಬಾಬ್ ಕುಡಿದ ಕೊನೆಯ ಬಿಯರ್. ಆ ದಿನವನ್ನು 1935ರ ಜೂನ್ 10 ಎಂದು ಹಿಡಿದು ಸಂಘದ ಹುಟ್ಟುಹಬ್ಬ ಆಚರಿಸುತ್ತಾರೆ. ಸಮ್ಮೇಳನದ ದಾಖಲೆ ನೋಡಿದ ಕೆಲವು ಇತಿಹಾಸಕಾರರು, ಇಲ್ಲ, ಒಂದು ವಾರ ಆಚೆಗಾಗಬೇಕು ಎನ್ನುತ್ತಾರೆ. ಕುಡುಕರ ನೆನಪಿನ ಮೇಲೆ ನಿಂತ ತಾರೀಕು, ಅಷ್ಟು ಹಿಂದುಮುಂದಾದರೆ ಆಶ್ಚರ್ಯವೇನು. ಶಸ್ತ್ರಚಿಕಿತ್ಸೆ ಮುಗಿದರೂ ಡಾ. ಬಾಬ್ ಗಂಟೆಗಟ್ಟಲೆ ಮನೆಗೆ ಬರಲಿಲ್ಲ. ಮನೆಯಲ್ಲಿ ಆನ್ ಮತ್ತು ಬಿಲ್‌ಗೆ ಮತ್ತೆ ಕುಡಿಯಲು ಹೋದರೇನೋ ಎಂಬ ಆತಂಕ. ಅವರು ಹೋಗಿದ್ದದ್ದು ತಾವು ನೋಯಿಸಿದವರ, ಬಾಕಿ ಉಳಿಸಿಕೊಂಡವರ ಮನೆಬಾಗಿಲಿಗೆ. ಆವರೆಗೆ ಗುಟ್ಟಾಗಿಟ್ಟಿದ್ದನ್ನು ಊರಲ್ಲಿ ಬಾಯಿಬಿಟ್ಟು ಹೇಳಿ, ಕ್ಷಮೆ ಕೇಳಿ ಬಂದಿದ್ದರು.

ಮೂರನೆಯವನನ್ನು ಹುಡುಕಲು ಆಕ್ರನ್ ಸಿಟಿ ಆಸ್ಪತ್ರೆಗೆ ಕರೆ ಮಾಡಿದಾಗ, ಒಬ್ಬ ವಕೀಲನಿದ್ದಾನೆ, ಈಗಷ್ಟೇ ದಾದಿಯರ ಮೇಲೆ ಕೈಮಾಡಿದ್ದರಿಂದ ಮಂಚಕ್ಕೆ ಕಟ್ಟಿ ಹಾಕಿದ್ದೇವೆ ಎಂಬ ಉತ್ತರ ಬಂತು. ಸಂಘದ ಚರಿತ್ರೆಯಲ್ಲಿ ಅವರು ಬಿಲ್ ಡಿ. ಇಬ್ಬರು ಬರುತ್ತಾರಂತೆ, ನಿಮ್ಮ ಹತ್ತಿರ ಮಾತಾಡಿದರೆ ಅವರು ಕುಡಿಯದೆ ಇರಲು ಅನುಕೂಲವಾಗುತ್ತದಂತೆ ಎಂದು ಹೆಂಡತಿ ಅವರಿಗೆ ಹೇಳಿದರು. ಎಂಟು ಬಾರಿ ಆಸ್ಪತ್ರೆ ಸೇರಿ ಎಲ್ಲರ ಬುದ್ಧಿಮಾತು ಕೇಳಿ ಹಣ್ಣಾಗಿದ್ದ ಮನುಷ್ಯನಿಗೆ, ತನ್ನಿಂದ ಇನ್ನೊಬ್ಬರಿಗೆ ಉಪಯೋಗವಿದೆ ಎಂಬ ಮಾತು ಎಷ್ಟು ಹೊಸದಾಗಿ ಕೇಳಿಸಿರಬೇಕು! ಆ ಜೂನ್ ತಿಂಗಳ ಕೊನೆಯಿಂದ ಅವರು ಮತ್ತೆ ಕುಡಿಯಲಿಲ್ಲ.

ಆಕ್ಸ್‌ಫರ್ಡ್ ಗ್ರೂಪಿನಿಂದ ಇವರು ಪಡೆದದ್ದು ಬಹಳ. ತನ್ನನ್ನು ತಾನು ತೂಗಿನೋಡುವುದು, ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು, ತಪ್ಪಿಗೆ ಪರಿಹಾರ ಕೊಡುವುದು, ಇವತ್ತಿಗೂ ಮೀಟಿಂಗುಗಳಲ್ಲಿ ಬಳಕೆಯಲ್ಲಿರುವ ‘ಷೇರಿಂಗ್’ ಎಲ್ಲವೂ ಅಲ್ಲಿಂದಲೇ ಬಂದವು. ಆದರೆ ಆ ಬಳಗದ ನಾಯಕ ಫ್ರಾಂಕ್ ಬುಕ್ಮನ್‌ಗೆ ಗಣ್ಯರು ಬೇಕು, ಪತ್ರಿಕೆಯಲ್ಲಿ ಹೆಸರು ಬೇಕು, ಸಂಪೂರ್ಣ ಪ್ರಾಮಾಣಿಕತೆಯ ವ್ರತ ಬೇಕು. ಕುಡುಕರಿಗೆ ಈ ಮೂರೂ ಒಗ್ಗಲಿಲ್ಲ. ನ್ಯೂಯಾರ್ಕಿನವರು 1937ರಲ್ಲಿ, ಆಕ್ರನ್ನಿನವರು 1939ರಲ್ಲಿ ಬೇರೆಯಾದರು. 1939ರ ಏಪ್ರಿಲ್‌ನಲ್ಲಿ, ಸುಮಾರು ನೂರು ಸದಸ್ಯರ ಬಲದ ಮೇಲೆ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಪುಸ್ತಕ ಹೊರಬಂತು. ಸಂಘಕ್ಕೆ ಅದೇ ಹೆಸರಾಯಿತು. ಕರಡಿನ ಮೇಲೆ ಜಗಳವೋ ಜಗಳ. ದೇವರ ಮಾತು ಹೆಚ್ಚಾಯಿತು ಎನ್ನುವವರು ಒಂದು ಕಡೆ, ಕಡಿಮೆಯಾಯಿತು ಎನ್ನುವವರು ಇನ್ನೊಂದು ಕಡೆ. ಮನೋವೈದ್ಯರೊಬ್ಬರು ಓದಿ, ಹೀಗೆ ಮಾಡಲೇಬೇಕು ಎಂಬ ದನಿ ತೆಗೆದು, ನಾವು ಹೀಗೆ ಮಾಡಿದೆವು ಎಂಬಂತೆ ಬರೆಯಿರಿ ಎಂದರಂತೆ. ಬಿಲ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಸಂಘ ಬದುಕಿದ್ದರಲ್ಲಿ ಆ ತಿದ್ದುಪಡಿಯ ಪಾಲು ಸಣ್ಣದಲ್ಲ.

ಅದೇ ವರ್ಷ ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನಡೆದದ್ದು ಹೇಳದೆ ಮುಂದೆ ಹೋಗಲಾಗದು. ಕುಡುಕರನ್ನು ಬಹುತೇಕ ಆಸ್ಪತ್ರೆಗಳು ದಾಖಲು ಮಾಡಿಕೊಳ್ಳುತ್ತಿರಲಿಲ್ಲ. ರಂಪ ಮಾಡುತ್ತಾರೆ, ಬಿಲ್ಲು ಕಟ್ಟುವುದಿಲ್ಲ. ಅಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಇಗ್ನೇಷಿಯಾ, 1939ರ ಆಗಸ್ಟಿನಲ್ಲಿ ಡಾ. ಬಾಬ್ ಕಳಿಸಿದ ರೋಗಿಯನ್ನು ‘ತೀವ್ರ ಜಠರದುರಿ’ ಎಂದು ಬರೆದು ಒಳಸೇರಿಸಿದರು. ಗೆಳೆಯರು ಬಂದು ಮಾತಾಡಲು ಏಕಾಂತ ಬೇಕಲ್ಲ, ಅದಕ್ಕಾಗಿ ರೋಗಿಗಳ ಹೂಗುಚ್ಛ ಜೋಡಿಸುವ ಪುಟ್ಟ ಕೋಣೆಗೆ ಮಂಚ ತಳ್ಳಿದರು. ನಿಜ ಹೇಳುವುದನ್ನೇ ಮದ್ದೆಂದು ನಂಬಿದ ಸಂಘದ ಆಸ್ಪತ್ರೆ ಸೇವೆ ಸುಳ್ಳು ರೋಗದ ಹೆಸರಿನಿಂದ ಶುರುವಾಯಿತು! ಮುಂದೆ ಗುಟ್ಟು ಬೇಕಾಗಲಿಲ್ಲ, ಆಸ್ಪತ್ರೆ ಅವರಿಗೊಂದು ವಾರ್ಡನ್ನೇ ಬಿಟ್ಟುಕೊಟ್ಟಿತು. 1950ರಲ್ಲಿ ತೀರಿಕೊಳ್ಳುವವರೆಗೆ ಡಾ. ಬಾಬ್ ಸಿಸ್ಟರ್ ಜೊತೆ ಅಲ್ಲಿ ಸುಮಾರು ಐದು ಸಾವಿರ ಜನರನ್ನು ನೋಡಿದರು, ಶುಲ್ಕ ಪಡೆಯದೆ. ವಾರ್ಡಿಗೆ ಬಂದು ರೋಗಿಯ ಪಕ್ಕ ಕೂತು ಮಾತಾಡುತ್ತಿದ್ದವರು ಹಳೆಯ ರೋಗಿಗಳೇ.

1940ರ ಕೊನೆಯ ಹೊತ್ತಿಗೆ ಬಿಲ್ ಸ್ಥಿತಿ ಚೆನ್ನಾಗಿರಲಿಲ್ಲ. ಬ್ರೂಕ್ಲಿನ್ನಿನ ಮನೆ ಸಾಲಕ್ಕೆ ಹೋಗಿತ್ತು. ಗಂಡ ಹೆಂಡತಿ ನ್ಯೂಯಾರ್ಕಿನ 24ನೇ ಬೀದಿಯ ಸಂಘದ ಕ್ಲಬ್ಬಿನ ಮಹಡಿಯ ಕೋಣೆಯೊಂದರಲ್ಲಿ ದಿನ ದೂಡುತ್ತಿದ್ದರು. ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಯಾರೋ ಬಂದಿದ್ದಾರೆಂದು ಕಾವಲಿನವರು ಹೇಳಿದಾಗ, ಮತ್ತೊಬ್ಬ ಕುಡುಕ ಎಂದು ಬಿಲ್ ಗೊಣಗಿದರು. ಕುಂಟುತ್ತ ಮೆಟ್ಟಿಲು ಹತ್ತಿ ಬಂದವರು ಸೇಂಟ್ ಲೂಯಿಯ ಜೆಸ್ವಿಟ್ ಪಾದ್ರಿ ಎಡ್ ಡೌಲಿಂಗ್. ಅವರು ಕುಡುಕರಲ್ಲ, ಪುಸ್ತಕ ಓದಿ ಕುತೂಹಲದಿಂದ ಬಂದವರು. ಆ ರಾತ್ರಿ ಬಿಲ್ ತಮ್ಮ ಐದನೆಯ ಹೆಜ್ಜೆಯನ್ನು, ಅಂದರೆ ತಪ್ಪುಗಳನ್ನು ಇನ್ನೊಬ್ಬ ಮನುಷ್ಯನೆದುರು ಒಪ್ಪಿಕೊಳ್ಳುವುದನ್ನು, ಡೌಲಿಂಗ್ ಮುಂದೆ ಮಾಡಿದರು. ಹೆಜ್ಜೆಗಳನ್ನು ಬರೆದವನೇ ಕೇಳುವವರಿಗಾಗಿ ಕಾಯುತ್ತಿದ್ದ. ಆ ಗೆಳೆತನ ಡೌಲಿಂಗ್ 1960ರಲ್ಲಿ ತೀರಿಕೊಳ್ಳುವವರೆಗೂ ಇಪ್ಪತ್ತು ವರ್ಷ ನಡೆಯಿತು. ನಡುವೆ ಬಿಲ್ ದೀರ್ಘ ಖಿನ್ನತೆಯಲ್ಲಿದ್ದರು. ಸಂಘದ ಸದಸ್ಯರಲ್ಲಿ ಕೆಲವರು, ಸ್ಥಾಪಕನಿಗೇ ಹೀಗಾದರೆ ಹೇಗೆ ಎಂದು ಆಡಿಕೊಂಡರು. ಕೇಳುವುದನ್ನೇ ಕಸುಬು ಮಾಡಿಕೊಂಡ ಸಂಘ ತನ್ನ ಸ್ಥಾಪಕನ ಮಾತನ್ನು ಯಾವಾಗಲೂ ಚೆನ್ನಾಗಿ ಕೇಳಿಸಿಕೊಂಡಿತೆಂದು ಹೇಳಲಾರೆ.

1941ರ ಮಾರ್ಚ್ 1ರ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಎಂಬ ಪತ್ರಕರ್ತ ಸಂಘದ ಬಗ್ಗೆ ಬರೆದರು. ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು. ಜನ ಹೆಚ್ಚಿದಂತೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ಚರ್ಚೆ ಹೆಚ್ಚಿತು. ಪ್ರತಿ ಗುಂಪೂ ತನ್ನದೇ ನಿಯಮ ಮಾಡಿಕೊಂಡಿತ್ತು. ಅವನ್ನೆಲ್ಲ ಕೇಂದ್ರ ಕಚೇರಿಗೆ ತರಿಸಿ ಒಟ್ಟು ಮಾಡಿ ನೋಡಿದರೆ, ಅಷ್ಟೂ ಎಲ್ಲೆಡೆ ಜಾರಿಯಾದರೆ ಯಾವ ಕುಡುಕನೂ ಸೇರುವಂತಿಲ್ಲ ಎಂದಾಯಿತು. ಇಂಥ ಪೆಟ್ಟುಗಳಿಂದ ಕಲಿತದ್ದನ್ನೆಲ್ಲ ಬಿಲ್ 1946ರಲ್ಲಿ ಹನ್ನೆರಡು ಸಂಪ್ರದಾಯಗಳಾಗಿ ಬರೆದರು. 1950ರಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶ ಒಪ್ಪಿತು.

ಇಲ್ಲೊಂದು ಸಣ್ಣ ತಿದ್ದುಪಡಿ ಇದೆ. ಸಂಘದ ಚರಿತ್ರೆಯಲ್ಲಿ ನಾನು ಬಹಳ ಮೆಚ್ಚುವ ನಿರ್ಧಾರ. 1939ರ ಪುಸ್ತಕದ ಮುನ್ನುಡಿಯ ಪ್ರಕಾರ ಸೇರಲು ಇರಬೇಕಾದ ಅರ್ಹತೆ, ಕುಡಿತ ಬಿಡಬೇಕೆಂಬ ಪ್ರಾಮಾಣಿಕ ಆಸೆ. ಮೀಟಿಂಗಿನ ಆರಂಭದಲ್ಲಿ ಓದುವ ಪ್ರಸ್ತಾವನೆಯಲ್ಲೂ 1947ರಿಂದ ಹಾಗೇ ಇತ್ತು. ಸದಸ್ಯತ್ವದ ಕುರಿತ ಮೂರನೆಯ ಸಂಪ್ರದಾಯ ಬರೆಯುವಾಗ ‘ಪ್ರಾಮಾಣಿಕ’ ಎಂಬುದನ್ನು ಬಿಟ್ಟರು. 1958ರಲ್ಲಿ ಪ್ರಸ್ತಾವನೆಯಿಂದಲೂ ತೆಗೆದರು. ಬರೇ ಆಸೆ ಸಾಕು. ಹೆಂಡತಿಯ ಕಾಟಕ್ಕೆ ಬಂದವನು, ನ್ಯಾಯಾಧೀಶ ಕಳಿಸಿದವನು, ಇನ್ನೂ ಬಾಯಲ್ಲಿ ವಾಸನೆ ಇರುವವನು ಎಲ್ಲರೂ ಕುರ್ಚಿ ಎಳೆದು ಕೂರಬಹುದು. ಇನ್ನೊಬ್ಬನ ಆಸೆ ಎಷ್ಟು ಪ್ರಾಮಾಣಿಕ ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ, ಅದನ್ನು ಹಿಡಿದು ಬಾಗಿಲಲ್ಲಿ ನಿಂತರೆ ಒಳಗೆ ಬರುವವರು ಸುಳ್ಳು ಹೇಳಿಯೇ ಬರಬೇಕಾಗುತ್ತದೆ. ಪ್ರಾಮಾಣಿಕತೆ ಅಲ್ಲಿ ಪ್ರವೇಶ ಶುಲ್ಕವಾಗಲಿಲ್ಲ.

ತಕ್ಕಡಿ ಹಿಡಿದರೆ ಏನಾಗುತ್ತದೆಂಬುದಕ್ಕೆ ಅದೇ ವರ್ಷ ಉದಾಹರಣೆಯೊಂದು ಹುಟ್ಟಿತು. ಎಎಯಲ್ಲಿ ಕುಡಿತ ಬಿಟ್ಟಿದ್ದ ಚಾರ್ಲ್ಸ್ ಡೆಡರಿಕ್ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿನನಾನ್ ಎಂಬ ಸಂಸ್ಥೆ ತೆರೆದರು. ಮಾದಕ ವ್ಯಸನಿಗಳು ಒಟ್ಟಿಗೆ ವಾಸಿಸುವ ತಾಣ. ಅಲ್ಲಿನ ಮುಖ್ಯ ಚಿಕಿತ್ಸೆ ‘ದಿ ಗೇಮ್’: ಸುತ್ತ ಕೂತವರು ನಡುವೆ ಸಿಕ್ಕವನ ಸುಳ್ಳು, ಸೋಗು, ದೌರ್ಬಲ್ಯಗಳನ್ನು ಕೂಗಾಡಿ ಬಯಲಿಗೆಳೆಯುವುದು. ಮೊದಮೊದಲು ಪತ್ರಿಕೆಗಳೂ ಸರ್ಕಾರವೂ ಹೊಗಳಿದವು. ಅನೇಕರು ಅಲ್ಲಿ ಹೆರಾಯಿನ್ ಬಿಟ್ಟದ್ದೂ ನಿಜ. ಕ್ರಮೇಣ ಅದೊಂದು ಪಂಥವಾಯಿತು. 1978ರಲ್ಲಿ, ಸಂಸ್ಥೆಯ ವಿರುದ್ಧ ವಾದಿಸಿದ್ದ ವಕೀಲ ಪಾಲ್ ಮೊರಾಂಟ್ಜ್ ಅವರ ಮನೆಯ ಅಂಚೆಪೆಟ್ಟಿಗೆಯಲ್ಲಿ ಸದಸ್ಯರು ಜೀವಂತ ಬುಡುಬುಡಿಕೆ ಹಾವನ್ನು ಇಟ್ಟರು. ಹಾವು ಕಚ್ಚಿತು, ವಕೀಲರು ಬದುಕಿದರು. 1991ರಲ್ಲಿ ಸಂಸ್ಥೆ ಮುಚ್ಚಿತು. ಸಿನನಾನ್‌ನಲ್ಲಿ ನಿಜಕ್ಕೆ ಬರವಿರಲಿಲ್ಲ. ಎಲ್ಲರೂ ಎಲ್ಲರ ಬಗ್ಗೆ ನಿಜವನ್ನೇ ಅರಚುತ್ತಿದ್ದರು. ಎಎ ಕೋಣೆಯಲ್ಲಿ ಒಬ್ಬ ತನ್ನ ಬಗ್ಗೆ ಮಾತ್ರ ಮಾತಾಡುತ್ತಾನೆ. ಅವನ ಮಾತಿಗೆ ಉತ್ತರ, ತಿದ್ದುಪಡಿ, ಸಲಹೆ ಯಾವುದೂ ಬರುವುದಿಲ್ಲ. ‘ಕ್ರಾಸ್ ಟಾಕ್’ ಬೇಡ ಎಂಬುದು ಬಹುತೇಕ ಗುಂಪುಗಳ ರೂಢಿ, ಲಿಖಿತ ಕಾನೂನಲ್ಲ. ಮುಂದಿನವನ ಸರದಿ ಬಂದಾಗ ಅವನು ತನ್ನ ಕತೆ ಹೇಳುತ್ತಾನೆ. ಹಿಂದಿನವನಿಗೆ ಬೇಕಾದ ಉತ್ತರ ಅದರಲ್ಲಿದ್ದರೆ ಇರಬಹುದು.

ಮನೆಯವರ ಮಾತಿಗೆ ಇಷ್ಟು ಹೊತ್ತೂ ಯಾರೂ ಕಿವಿ ಕೊಟ್ಟಿರಲಿಲ್ಲ. ಗಂಡ ಕುಡಿತ ಬಿಟ್ಟ ಆರಂಭದ ದಿನಗಳಲ್ಲಿ, ಬೇಗ ಹೊರಡು, ಮೀಟಿಂಗಿಗೆ ತಡವಾಯಿತು ಎಂದಾಗ ಲೋಯಿಸ್ ನಿನ್ನ ಮೀಟಿಂಗಿಗಿಷ್ಟು ಎಂದು ಚಪ್ಪಲಿ ಎಸೆದಿದ್ದರು. ಹದಿನೇಳು ವರ್ಷ ಅವನ ಕುಡಿತ ಸಹಿಸಿದವಳಿಗೆ, ಬೇರೆ ಯಾರೋ ಕೆಲವು ತಿಂಗಳಲ್ಲಿ ಬಿಡಿಸಿಬಿಟ್ಟರು ಎಂಬ ಸಂಕಟ. ಅವರು ಅದನ್ನು ಮುಚ್ಚಿಡಲಿಲ್ಲ, ಕತೆಯಾಗಿ ಮತ್ತೆ ಮತ್ತೆ ಹೇಳಿಕೊಂಡರು. 1951ರಲ್ಲಿ ಲೋಯಿಸ್ ಮತ್ತು ಆನ್ ಬಿ. ಎಂಬ ಇನ್ನೊಬ್ಬ ಮಹಿಳೆ ಸೇರಿ ಕುಡುಕರ ಮನೆಯವರಿಗಾಗಿ ಆಲ್-ಅನಾನ್ ಕಟ್ಟಿದರು.

ಸಂಘದ ಕಿವಿ ಎಲ್ಲರಿಗೂ ಒಂದೇ ಸಮ ತೆರೆದಿರಲಿಲ್ಲ. ಆರಂಭದ ಗುಂಪುಗಳು ಬಿಳಿಯ ಗಂಡಸರವು. 1939ರಲ್ಲಿ ಮಾರ್ಟಿ ಮನ್ ಎಂಬಾಕೆ ಬಂದಾಗ ಹೆಂಗಸರು ಕುಡುಕರಾಗುತ್ತಾರೆಯೇ ಎಂದು ಕೇಳುವವರಿದ್ದರು. ಕರಿಯರ ಮೊದಲ ಗುಂಪುಗಳಲ್ಲಿ ಒಂದು ವಾಷಿಂಗ್ಟನ್ನಿನಲ್ಲಿ 1945ರಲ್ಲಿ ಬೇರೆಯೇ ಆಗಿ ಶುರುವಾಗಬೇಕಾಯಿತು. ಮುಂದೆ ನ್ಯಾಯಾಲಯಗಳು ಶಿಕ್ಷೆಯ ಬದಲು ಮೀಟಿಂಗಿಗೆ ಕಳಿಸತೊಡಗಿ, ಹಾಜರಾತಿ ಚೀಟಿಗೆ ಸಹಿ ಹಾಕಿಸಿಕೊಳ್ಳಲು ಬರುವವರ ಸಾಲು ಹುಟ್ಟಿತು. ದೇವರ ಮಾತಿನಿಂದ ದೂರ ಸರಿದವರೂ ಉಂಟು. ಬಿಲ್ 1971ರ ಜನವರಿ 24ರಂದು ತೀರಿಕೊಂಡರು. ಬಹುಕಾಲ ಬಿಡಲಾಗದ ಸಿಗರೇಟು ಶ್ವಾಸಕೋಶ ತಿಂದಿತ್ತು. ಕೊನೆಯ ವಾರಗಳಲ್ಲಿ ಅವರು ವಿಸ್ಕಿ ಕೇಳಿದ್ದು ದಾದಿಯರ ದಿನಚರಿಯಲ್ಲಿದೆ. ಯಾರೂ ಕೊಡಲಿಲ್ಲ. ಸೂಸನ್ ಚೀವರ್ 2004ರ ಜೀವನಚರಿತ್ರೆಯಲ್ಲಿ ಇದನ್ನು ಬರೆದಾಗ ಸಂಘ ಕುಸಿದು ಬೀಳಲಿಲ್ಲ. ಮೂವತ್ತಾರು ವರ್ಷ ಕುಡಿಯದಿದ್ದವನಿಗೂ ಆಸೆ ಸತ್ತಿರಲಿಲ್ಲ ಎಂಬುದು ಅಲ್ಲಿ ಕೂತವರಿಗೆ ಹೊಸ ಸುದ್ದಿಯೇನಲ್ಲ.

ವಿಜ್ಞಾನಿಗಳು ಬಹುಕಾಲ ಎಎಯನ್ನು ಅನುಮಾನದಿಂದಲೇ ನೋಡಿದರು. ಹೆಸರಿಲ್ಲದವರ ಮೇಲೆ ಅಧ್ಯಯನ ಹೇಗೆ? 2006ರಲ್ಲಿ ಕಾಕ್ರನ್ ಸಂಸ್ಥೆಯ ಪರಾಮರ್ಶೆ ಖಚಿತ ಪುರಾವೆ ಸಿಗಲಿಲ್ಲ ಎಂದಿತ್ತು. 2020ರಲ್ಲಿ ಜಾನ್ ಕೆಲಿ, ಕೀತ್ ಹಂಫ್ರೀಸ್, ಮರೀಕಾ ಫೆರಿ 27 ಅಧ್ಯಯನಗಳನ್ನು, ಅವುಗಳಲ್ಲಿದ್ದ 10,565 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿದರು. ವ್ಯಸನಿಗಳನ್ನು ವ್ಯವಸ್ಥಿತವಾಗಿ ಎಎಗೆ ಸೇರಿಸುವ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಬೇರೆ ಹೆಸರಾಂತ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲು ಎಂಬ ತೀರ್ಮಾನಕ್ಕೆ ಬಂದರು. ಇತ್ತ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಬೇರೆ ದಾರಿಯಿಂದ ಇಲ್ಲಿಗೇ ಹತ್ತಿರ ಬಂದಿದ್ದರು. ಆಪ್ತಸಲಹೆಗಾರ ಎಷ್ಟು ತಾದಾತ್ಮ್ಯದಿಂದ ಕೇಳುತ್ತಾನೆಂಬುದರ ಮೇಲೆ ರೋಗಿಯ ಕುಡಿತ ತಗ್ಗುವುದು ನಿಂತಿದೆ ಎಂದು 1980ರ ಹೊತ್ತಿಗೆ ಅವರಿಗೆ ಕಂಡಿತು. ವಾದಿಸಿ ಒಪ್ಪಿಸಲು ಹೋದಷ್ಟೂ ರೋಗಿ ಕುಡಿತದ ಪರ ವಕಾಲತ್ತು ಮಾಡುತ್ತಾನೆ. 1983ರಲ್ಲಿ ಅವರು ಬರೆದ ಪ್ರಬಂಧದಿಂದ ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್’ ಎಂಬ ವಿಧಾನ ಹುಟ್ಟಿತು, ಈಗ ಅದನ್ನು ನಮ್ಮ ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗಗಳಲ್ಲೂ ಕಲಿಸುತ್ತಾರೆ.

ಭಾರತದಲ್ಲಿ ಎಎ ಶುರುವಾದದ್ದು 1957ರಲ್ಲಿ. ಬೆಂಗಳೂರು, ಮಂಗಳೂರುಗಳಲ್ಲಿ ಶಾಲೆಯ ಕೊಠಡಿ, ಚರ್ಚಿನ ಸಭಾಂಗಣಗಳಲ್ಲಿ ಇಂಗ್ಲಿಷಿನ ಜೊತೆ ಕನ್ನಡದ ಮೀಟಿಂಗುಗಳೂ ನಡೆಯುತ್ತವೆ. ‘ಓಪನ್’ ಮೀಟಿಂಗಿಗೆ ಯಾರು ಬೇಕಾದರೂ ಹೋಗಿ ಕೂರಬಹುದು, ‘ಕ್ಲೋಸ್ಡ್’ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕುಡಿಯುವವನಿಗೆ ಬುದ್ಧಿ ಹೇಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮಾವ ಬಂದು ಬುದ್ಧಿ ಹೇಳುತ್ತಾರೆ, ಊರ ಗೌಡರು ಹೇಳುತ್ತಾರೆ, ಪೊಲೀಸಿನವರು ಇನ್ನೊಂದು ರೀತಿ ಹೇಳುತ್ತಾರೆ. ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸುತ್ತೇವೆ, ಧರ್ಮಸ್ಥಳಕ್ಕೆ ಕರೆದೊಯ್ದು ಮಾತು ತೆಗೆದುಕೊಳ್ಳುತ್ತೇವೆ. ಅಯ್ಯಪ್ಪನ ಮಾಲೆ ಹಾಕಿದಾಗ ಶುಚಿಯಾಗಿರುವವನು ಮಾಲೆ ತೆಗೆದ ಸಂಜೆಗೆ ಎಲ್ಲಿರುತ್ತಾನೆಂದು ಇಡೀ ಬೀದಿಗೆ ಗೊತ್ತು. ಆಣೆ ಮುರಿದವನು ಮುಂದಿನ ಸಲ ನಿಜ ಹೇಳುವುದಿಲ್ಲ, ದೇವರ ಭಯವೂ ಸೇರಿ ಮುಚ್ಚಿಡುತ್ತಾನೆ. ಎಎ ಮೀಟಿಂಗಿನಲ್ಲಿ ಆಣೆಯಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ ಎಂಬಷ್ಟೇ. ನಿನ್ನೆ ಕುಡಿದೆ ಎಂದು ಬಂದು ಹೇಳಿದವನನ್ನು ಹೊರಹಾಕುವುದಿಲ್ಲ. ಒಂದನೆಯ ದಿನದಿಂದ ಮತ್ತೆ ಎಣಿಸುತ್ತಾರೆ.

ಅನಾಮಧೇಯತೆ ಮಾತ್ರ ನಮ್ಮ ಸಣ್ಣ ಊರುಗಳಿಗೆ ಬಂದಾಗ ತಿರುವುಮುರುವಾಗುತ್ತದೆ. ಯಾರು ಕುಡಿಯುತ್ತಾರೆ ಎಂಬುದು ಅಲ್ಲಿ ಗುಟ್ಟೇ ಅಲ್ಲ, ಮನೆತನದ ಹೆಸರು ಹೇಳಿ ತೋರಿಸುತ್ತಾರೆ. ಮೀಟಿಂಗಿಗೆ ಹೋಗುವುದೇ ಗುಟ್ಟು. ಜಾತ್ರೆಯಲ್ಲಿ ಕುಡಿದು ಬಿದ್ದರೆ ಹೋಗದ ಮರ್ಯಾದೆ, ಕುಡುಕರ ಸಂಘಕ್ಕೆ ಹೋದನಂತೆ ಎಂದರೆ ಹೋಗುತ್ತದೆ. ಇದು ಗಂಡಸರ ಮಾತಾಯಿತು. ಮಾರ್ಟಿ ಮನ್ ನ್ಯೂಯಾರ್ಕಿನ ಕೋಣೆಯೊಳಗೆ ಕಾಲಿಟ್ಟು ಎಂಬತ್ತೈದು ವರ್ಷ ದಾಟಿದ ಮೇಲೂ, ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ತಾನು ಕುಡಿಯುತ್ತೇನೆಂದು ತಾಲ್ಲೂಕು ಕೇಂದ್ರದ ಮೀಟಿಂಗೊಂದರಲ್ಲಿ ಬಾಯಿಬಿಡಬೇಕಾದರೆ ಸುತ್ತ ಎಷ್ಟು ಗಂಡಸರಿರುತ್ತಾರೆ, ಅವರಲ್ಲಿ ಎಷ್ಟು ಜನ ಅವಳ ಅಣ್ಣನಿಗೆ ಪರಿಚಿತರು ಎಂಬುದನ್ನು ಎಣಿಸದೆ ಕೂರಲಾರಳು. ಹೆಂಗಸರಿಗೇ ಮೀಸಲಾದ ಮೀಟಿಂಗು ಬೇರೆ ದೇಶಗಳಲ್ಲಿ ಹಳೆಯ ಸಂಗತಿ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಂಥದ್ದೊಂದನ್ನು ತೆರೆಯಲು ಬೇಕಾಗುವುದು ನಾಲ್ಕು ಕುರ್ಚಿ, ಒಂದು ಬಾಡಿಗೆ ಕೋಣೆ, ಮತ್ತು ಮೊದಲು ಮಾತಾಡಲು ಒಪ್ಪುವ ಒಬ್ಬ ಹೆಣ್ಣುಮಗಳು.